ಕಿವಿಯಲ್ಲಿ ಹೇಳಿದ ಮೂರು ಚಿಟಿಕೆ

ನಮ್ಮೂರ ಜೂನಿಯರ್ ಕಾಲೇಜಿನಲ್ಲಿ ನಾನು ಮೂವತ್ತೊಂದು ವರ್ಷ ಪಿ.ಟಿ. ಮಾಸ್ತರನಾಗಿದ್ದೆ. ನಮಗೆ ವರ್ಷಕ್ಕೆ ಎರಡೇ ಹಂಗಾಮು. ದಸರೆ ಮುಗಿದ ಮೇಲೆ ಸಂಕ್ರಾಂತಿಯವರೆಗೆ ಓಟದ್ದು, ಸಂಕ್ರಾಂತಿಯಿಂದ ಪರೀಕ್ಷೆಯವರೆಗೆ ಬಾಸ್ಕೆಟ್‌ಬಾಲಿನದು. ಚೆಂಡಿನ ಹಂಗಾಮಿನಲ್ಲಿ ನಮ್ಮ ಮೈದಾನ ನೋಡಬೇಕು. ಹೆಂಗಸರು ಸೆರಗಿನಲ್ಲಿ ಚುರುಮುರಿ ಕಟ್ಟಿಕೊಂಡು ಬರುತ್ತಾರೆ, ಮುದುಕರು ಕಂಬಳಿ ಹಾಸಿ ಕೂತು ಬುಟ್ಟಿಗೆ ಚೆಂಡು ಬಿದ್ದಾಗಲೆಲ್ಲ ತೊಡೆ ತಟ್ಟುತ್ತಾರೆ. ಓಟದ ಹಂಗಾಮಿನಲ್ಲಿ ಅದೇ ಮೈದಾನದ ಕಡೆ ನಾಯಿ ಕೂಡ ಸುಳಿಯುವುದಿಲ್ಲ. ಬರಲೇಬೇಕಾದವರು ಮಾತ್ರ ಬರುತ್ತಾರೆ, ಬಂದು ಓಟಕ್ಕೆ ಬೆನ್ನು ಹಾಕಿ ಬೆಂಚಿನ ಮೇಲೆ ಕೂಡುತ್ತಾರೆ.

ನಮ್ಮೂರಲ್ಲಿ ಒಬ್ಬರು ಮೊದಲಿಗಿಂತ ಜೋರಾಗಿ ಓಡಿದರೆ, ಅವರು ಉಳಿಸಿದ ಹೊತ್ತು ಅವರ ಮನೆಯ ಯಾರಾದರೂ ಒಬ್ಬರ ಮೈಮೇಲೆ ಬೀಳುತ್ತದೆ. ಅದಕ್ಕೆ ತಡ ಅನ್ನುತ್ತೇವೆ. ಸೆಕೆಂಡಿನ ಹತ್ತರಲ್ಲಿ ಒಂದು ಪಾಲು ಉಳಿದರೆ ಒಂದು ಚಿಟಿಕೆ ತಡ. ನಾಲ್ಕು ಚಿಟಿಕೆ ಬಿದ್ದವರು ಕೈ ಎತ್ತಬೇಕೆಂದು ಮನಸ್ಸು ಮಾಡಿದರೆ, ನಾವು ನಾಲ್ಕು ಸಲ ಚಿಟಿಕೆ ಹೊಡೆದ ಮೇಲೆ ಅವರ ಕೈ ಏಳುತ್ತದೆ. ಮಾತೂ ಹಾಗೆಯೇ. ಬಿದ್ದದ್ದು ಸಾಯುವತನಕ ಇಳಿಯುವುದಿಲ್ಲ. ಅದಕ್ಕೇ ನಮ್ಮೂರಲ್ಲಿ ಕನ್ಯೆ ನೋಡಲು ಬಂದವರು ಬೇರೆ ಏನನ್ನೂ ಕೇಳುವ ಮೊದಲು, "ಮನ್ಯಾಗ ಯಾರ ಮ್ಯಾಲ ಎಷ್ಟು ಐತ್ರಿ?" ಎಂದು ಕೇಳುತ್ತಾರೆ. ಯಾರನ್ನಾದರೂ ಮಾತಾಡಿಸಿದರೆ ಉತ್ತರ ಬರುವವರೆಗೆ ತೆಪ್ಪಗೆ ನಿಲ್ಲಬೇಕು. ಎರಡನೇ ಸಲ ಕೇಳಿದರೆ ಮರ್ಯಾದೆಗೇಡಿ ಅನ್ನಿಸಿಕೊಳ್ಳುತ್ತೀರಿ.

ಹಾಗಾದರೆ ಓಡುವುದಾದರೂ ಯಾಕೆ ಎಂದು ಪರವೂರಿನವರು ಕೇಳುತ್ತಾರೆ. ಓಡಿ ಗೆದ್ದವರಿಗೆ ಮುಂದಿನ ಓದು ಪುಕ್ಕಟೆ, ಹಾಸ್ಟೆಲ್ಲು ಪುಕ್ಕಟೆ. ಮಕ್ಕಳು ಮುಂದೆ ಹೋಗಲಿ, ನಾವು ಹಿಂದೆ ಉಳಿದರೇನಾಯಿತು ಎನ್ನುವ ತಂದೆತಾಯಿ ಎಲ್ಲ ಊರಲ್ಲೂ ಇದ್ದಾರಲ್ಲ? ನಮ್ಮೂರಲ್ಲಿ ಅದು ಬರೀ ಮಾತಿಗೆ ಮುಗಿಯುವುದಿಲ್ಲ, ಅಷ್ಟೇ. ಚೆಂಡಾಟದಲ್ಲೂ ತಡ ಇದೆ. ಆದರೆ ತಂಡದ ಹತ್ತು ಹನ್ನೆರಡು ಮನೆಗಳಿಗೆ ಹಂಚಿ ಹೋಗುವುದರಿಂದ ಯಾರಿಗೂ ತಟ್ಟುವುದಿಲ್ಲ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನಿಗೆ ತಲೆಹೊರೆ ಅನ್ನುತ್ತಾರಲ್ಲ, ಓಟ ಅಂದರೆ ಆ ಒಬ್ಬನ ತಲೆಹೊರೆ.

ಅದಕ್ಕೆ ತಕ್ಕ ಕಟ್ಟುಪಾಡುಗಳೂ ಇವೆ. ಓಡುವ ಮಗು ಹಂಗಾಮಿನ ಮೊದಲೇ ಫಾರಂನಲ್ಲಿ ತಡ ಹೊರುವವರ ಹೆಸರು ಬರೆಯಬೇಕು. ಪ್ರ್ಯಾಕ್ಟೀಸಿನಲ್ಲಿ ಯಾರೂ ಕೊನೆಯ ಗೆರೆ ದಾಟಬಾರದು. ದಾಟಿದರೆ ಅದೂ ಲೆಕ್ಕಕ್ಕೆ ಬರುತ್ತದೆ. ಅದಕ್ಕೆ ನಾನು ಗೆರೆಗೆ ಹತ್ತು ಮಾರು ಮೊದಲೇ ನಿಂತು ಸೀಟಿ ಊದಿ ನಿಲ್ಲಿಸುತ್ತಿದ್ದೆ. ಪಂದ್ಯದ ದಿನ ಹೊರುವವರು ಬೆನ್ನು ಹಾಕಿ ಬೆಂಚಿನ ಮೇಲೆ ಕೂಡಬೇಕು. ಓಟ ಮುಗಿದ ಮೇಲೆ ಮಾಸ್ತರ ಹೋಗಿ ಬಗ್ಗಿ, ಅವರ ಬಲಗಿವಿಯಲ್ಲಿ ಎಷ್ಟು ಬಿತ್ತು ಎಂದು ಹೇಳಬೇಕು. ಓಡಿದವರಿಗೆ ಮಾತ್ರ ತಮ್ಮ ಟೈಮು ಗೊತ್ತಾಗಬಾರದು. ಅವರು ಕೇಳಬಾರದು, ನಾವು ಹೇಳಬಾರದು. ತಾಯಿ ತುತ್ತು ಕೊಡುವಾಗ ಮಗು ಎಣಿಸುತ್ತದೇನು? ನಾನು ಈ ಕೆಲಸಕ್ಕೆ ಬಂದಾಗ ಹಳೆಯ ಮಾಸ್ತರರು ಸ್ಟಾಪ್ ವಾಚು ನನ್ನ ಕೈಗಿಟ್ಟು ಒಂದೇ ಮಾತು ಹೇಳಿದ್ದರು: "ಎಲ್ಲಿ ಬೇಕಾದ್ರ ಸುಳ್ಳ ಹೇಳು, ಆ ಬೆಂಚಿನ ಮ್ಯಾಲ ಹೇಳಬ್ಯಾಡ."

ಮಲಪ್ರಭಾ ನನಗೆ ಸಿಕ್ಕಿದ್ದು ಚೆಂಡಾಟದಲ್ಲಿ. ಪಿಯು ಮೊದಲ ವರ್ಷದ ಹುಡುಗಿ, ಉದ್ದ ಕಾಲು, ಬಾಯಿ ಮಹಾ ಜೋರು. ಕೋರ್ಟಿನ ತುಂಬ ಅವಳದೇ ದನಿ, "ಇಲ್ಲಿ ಒಗೀರಿ, ನಿದ್ದಿ ಮಾಡಾಕ ಬಂದೀರೇನು?" ಎಂದು ತನಗಿಂತ ದೊಡ್ಡವರನ್ನೂ ಗದರಿಸುತ್ತಿದ್ದಳು. ಚೆಂಡು ಅವಳ ಕೈಯಲ್ಲಿದ್ದರೆ ಹಿಂದೆ ಬಿದ್ದವರು ಹಿಂದೆಯೇ. ಅದನ್ನು ನೋಡಿದ ನನ್ನ ಹಾಳು ಕಣ್ಣಿಗೆ ಅವಳ ಆಟ ಕಾಣಲಿಲ್ಲ, ಓಟ ಕಂಡಿತು. ನನಗೆ ನಿವೃತ್ತಿಗೆ ಎರಡೇ ವರ್ಷ ಉಳಿದಿತ್ತು. ಕಾಲೇಜಿನ ಗಾಜಿನ ಕಪಾಟಿನಲ್ಲಿ ಚೆಂಡಾಟದಲ್ಲಿ ಗೆದ್ದ ಕಪ್ಪುಗಳು ಆರು ಇದ್ದವು. ಓಟದ್ದು ಒಂದೂ ಇರಲಿಲ್ಲ. ಓಡುವವರಿದ್ದರೆ ಹೊರುವವರು ಹಿಂದೆ ಸರಿಯುತ್ತಿದ್ದರು, ಹೊರುವವರಿದ್ದರೆ ಮಕ್ಕಳಿಗೆ ಕಾಲಿರುತ್ತಿರಲಿಲ್ಲ.

ಅವಳ ತಾಯಿ ತಂಗೆವ್ವ ರೊಟ್ಟಿ ತಟ್ಟುವವಳು. ಗಂಡ ತೀರಿಕೊಂಡ ಮೇಲೆ ಊರಿನ ಎರಡು ಖಾನಾವಳಿಗಳಿಗೆ ಅವಳದೇ ರೊಟ್ಟಿ. ದಿನಕ್ಕೆ ಇನ್ನೂರು ಜೋಳದ ರೊಟ್ಟಿ ತಟ್ಟುತ್ತಿದ್ದಳು, ಆ ಪಟಪಟ ಸದ್ದು ಓಣಿಯ ಈ ತುದಿಗೆ ಕೇಳುತ್ತಿತ್ತು. ಮನೆಯಲ್ಲಿ ತಾಯಿ ಮಗಳು ಇಬ್ಬರೇ. ಅಂದರೆ ಹೊರುವುದಿದ್ದರೆ ತಂಗೆವ್ವನೇ ಹೊರಬೇಕು. ನಾನು ಫಾರಂ ಹಿಡಿದುಕೊಂಡು ಹೋದಾಗ ಅವಳು ಹಿಟ್ಟಿನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

"ಓಡಿದ್ರ ಕಲಿಯಾಕ ಹೋಗ್ತಾಳೇನ್ರಿ ಸರ?" ಎಂದಳು.

"ಜಿಲ್ಲಾದಾಗ ಮೊದಲ ಬಂದ್ರ ಡಿಗ್ರಿ ಮುಗಿಯೂತನಕಾ ಒಂದ್ ಪೈಸಾ ಖರ್ಚಿಲ್ಲ, ಯವ್ವಾ."

"ಹಂಗಾರ ಬರೀರಿ. ಈ ಕೈ ಎಷ್ಟ ಜಲ್ದಿ ತಟ್ಟಿದ್ರೂ ಅಷ್ಟ ಐತಿ, ರೊಟ್ಟಿ ಬಿಟ್ರ ಬ್ಯಾರೆ ಏನೂ ತಟ್ಟಿಲ್ಲ" ಎಂದು ನಕ್ಕು ಹೆಬ್ಬೆಟ್ಟು ಒತ್ತಿದಳು.

ಮೊದಲ ಓಟ ಕಾಲೇಜಿನೊಳಗಿನದು, ಅದು ಬರೀ ಗುರುತಿಗೆ, ಮುಂದಿನ ಓಟಗಳನ್ನು ಅಳೆಯಲು. ಎರಡನೆಯದು ತಾಲೂಕಿನದು. ಅದರಲ್ಲಿ ಪ್ರಭಾ ನಾನೂರು ಮೀಟರು ಓಡಿ ನಾಲ್ಕು ಚಿಟಿಕೆ ಉಳಿಸಿದಳು. ನಾನು ತಂಗೆವ್ವನ ಕಿವಿಯಲ್ಲಿ ನಾಲ್ಕು ಎಂದೆ. ಅವಳು ತಲೆ ಆಡಿಸಿದಳು, ಆಗಲೇ ತಲೆ ಆಡಿದ್ದು ತಡವಾಗಿತ್ತು. ಮರುದಿನದಿಂದ ಓಣಿಯ ಪಟಪಟ ಸದ್ದು ಕಡಿದು ಕಡಿದು ಬರತೊಡಗಿತು. ಇನ್ನೂರು ರೊಟ್ಟಿ ನೂರೈವತ್ತಕ್ಕೆ ಇಳಿಯಿತು. ತಂಗೆವ್ವ ಒಂದು ತಾಸು ಮೊದಲೇ ಒಲೆ ಹೊತ್ತಿಸತೊಡಗಿದಳು. ಹಂಚಿನ ಮೇಲಿನ ರೊಟ್ಟಿ ಹೊರಳಿಸಲು ನಾಲ್ಕು ಚಿಟಿಕೆ ಮೊದಲೇ ಮನಸ್ಸು ಮಾಡುವುದನ್ನು ಎಂಟು ದಿನದಲ್ಲಿ ಕಲಿತಳು. ಜನ ಹಾಗೇ ಕಲಿಯುತ್ತಾರೆ, ಮೈಮೇಲೆ ಎಷ್ಟಿದೆ ಎಂದು ಗೊತ್ತಿದ್ದರೆ ಸಾಕು.

ಜಿಲ್ಲೆಯ ಓಟ ಆ ವರ್ಷ ನಮ್ಮ ಮೈದಾನದಲ್ಲೇ ನಡೆಯಿತು. ಹಿಂದಿನ ದಿನ ಪ್ರಭಾ ಬಂದು, "ಸರ, ನಾ ಚೆಂಡ್ ಆಡ್ತೀನ್ರಿ, ಇದ್ ಬ್ಯಾಡ್ರಿ" ಎಂದಳು. ನಾನು ಬೈಯಲಿಲ್ಲ, ಬೆಣ್ಣೆಯಂಥ ಮಾತಾಡಿದೆ. ಇಷ್ಟು ದೂರ ಬಂದು ಬಿಟ್ಟರೆ ನಿಮ್ಮವ್ವ ಹೊತ್ತ ನಾಲ್ಕೂ ದಂಡ ಅಲ್ಲವೇ ತಂಗಿ, ಎಂದೆ. ಮರುದಿನ ಅವಳು ಓಡಿದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಕೊನೆಯ ತಿರುವಿನಲ್ಲಿ ಅವಳ ಹಿಂದೆ ಯಾರೂ ಇರಲಿಲ್ಲ. ಅಳುತ್ತ ಓಡುತ್ತಿದ್ದಳು. ವಾಚು ಒತ್ತಿ ನೋಡಿದರೆ ಹನ್ನೊಂದು ಚಿಟಿಕೆ ಉಳಿದಿತ್ತು. ಒಂದೇ ಓಟಕ್ಕೆ ಹನ್ನೊಂದು ಬಿದ್ದದ್ದನ್ನು ಮೂವತ್ತು ವರ್ಷದಲ್ಲಿ ನಾನು ಕಂಡಿರಲಿಲ್ಲ.

ಬೆಂಚಿನ ಹತ್ತಿರ ಹೋದೆ. ತಂಗೆವ್ವ ಬೆನ್ನು ಹಾಕಿ ಕೂತಿದ್ದಳು. ಅಂದಿಗಾಗಿ ತೊಳೆದ ಇಳಕಲ್ ಸೀರೆ ಉಟ್ಟಿದ್ದಳು, ಕಿವಿಯ ಹಿಂದೆ ಮಾತ್ರ ಹಿಟ್ಟು ಹಾಗೇ ಇತ್ತು. ಆ ಕಡೆ ಪ್ರಿನ್ಸಿಪಾಲರು ಕಪ್ಪು ಹಿಡಿದು, ಫೋಟೋದವನನ್ನು ನಿಲ್ಲಿಸಿಕೊಂಡು, ತಾಯಿಯನ್ನೂ ಕರೆದು ತನ್ನಿ ಎಂದು ಕೈ ಮಾಡುತ್ತಿದ್ದರು. ನಾನು ಬಗ್ಗಿದೆ. ಹನ್ನೊಂದು ಎನ್ನಲು ಬಾಯಿ ತೆರೆದೆ. "ಮೂರು" ಎಂದೆ.

ಪಾಪ ಅನ್ನಿಸಿ ಹೇಳಿದೆ ಎಂದು ನನಗೆ ನಾನೇ ಬಹಳ ದಿನ ಸಮಾಧಾನ ಹೇಳಿಕೊಂಡೆ. ಪಾಪ ಅನ್ನಿಸಿದ್ದು ಸುಳ್ಳಲ್ಲ. ಆದರೆ ಫೋಟೋದಲ್ಲಿ ಎಲ್ಲರೂ ನಗಬೇಕು ಎಂಬ ಆಸೆಯೂ ಇತ್ತು. ತಂಗೆವ್ವ ನಿಜಕ್ಕೂ ನಕ್ಕಳು. "ಮೂರ ಏನ್ರಿ? ನಾ ಹೆದರಿ ಸತ್ತಿದ್ದೆ" ಎಂದಳು. ಆ ನಗು, ಆ ಮಾತು ಬರುವಷ್ಟರಲ್ಲಿ ಫೋಟೋದವನು ಬೆಂಚಿಗೇ ಬಂದು ಫೋಟೋ ತೆಗೆದು, ಡಬ್ಬಿ ಮುಚ್ಚಿ ಹೊರಟಿದ್ದ. ಫೋಟೋದಲ್ಲಿ ಅವಳ ಮುಖ ಸಪ್ಪಗೇ ಇದೆ. ಕಪಾಟಿನಲ್ಲಿ ಕಪ್ಪಿನ ಪಕ್ಕದಲ್ಲಿ ಈಗಲೂ ಇದೆ, ಬೇಕಾದರೆ ನೋಡಬಹುದು.

ಎಂಥ ಮೂರ್ಖ ನಾನು! ಮೈಮೇಲೆ ಬಿದ್ದದ್ದು ಕಿವಿಯಲ್ಲಿ ಹೇಳಿದ್ದಕ್ಕೆ ಹೊಂದಿಕೊಂಡು ಕಡಿಮೆಯಾಗುತ್ತದೆಯೇ? ತಂಗೆವ್ವ ನಾಲ್ಕಕ್ಕೆ ಮೂರು ಕೂಡಿಸಿ ಏಳು ಎಂದುಕೊಂಡು ಏಳು ಚಿಟಿಕೆ ಮೊದಲೇ ಕೈಗೆ ಹೇಳುತ್ತಿದ್ದಳು. ಕೈ ಬರುವಷ್ಟರಲ್ಲಿ ರೊಟ್ಟಿ ಕರಿಯಾಗಿರುತ್ತಿತ್ತು. ಹಂಚಿಗೆ ತಗುಲಿದ ಬೆರಳನ್ನು ಹಿಂದೆಗೆಯುವಷ್ಟರಲ್ಲಿ ಬೊಬ್ಬೆ ಬಂದಿರುತ್ತಿತ್ತು. ಖಾನಾವಳಿಯವರು ಸುಟ್ಟ ರೊಟ್ಟಿ ವಾಪಸು ಕಳಿಸಿದರು. ಹದಿನೈದು ದಿನ ತನ್ನ ವಯಸ್ಸನ್ನು ಬೈದುಕೊಂಡ ಮೇಲೆ ಅವಳು ಪಕ್ಕದ ಮನೆಯ ಹುಸೇನಬಿಯನ್ನು ಕರೆದು, "ನನ್ನ ಹೆಸರ ಹಿಡದ ಕರಿ, ನಾ ಓ ಅನ್ನೂತನಕಾ ಚಿಟಿಕಿ ಹೊಡಿ" ಎಂದಳಂತೆ. ಹುಸೇನಬಿ ಮೂರು ಸಲ ಕರೆದಳು, ಮೂರು ಸಲವೂ ಹದಿನೈದು ಬಂತು.

ಈಗ ನೀವೇ ಹೇಳಿ, ಏಳು ಎಂದು ಮಾಸ್ತರ ಹೇಳಿದ್ದಾನೆ, ಮೈಮೇಲೆ ಹದಿನೈದಿದೆ. ಬೇರೆ ಊರಿನ ತಾಯಿಯಾಗಿದ್ದರೆ ಮಾಸ್ತರನ ಕೊರಳಪಟ್ಟಿ ಹಿಡಿಯುತ್ತಿದ್ದಳು. ನಮ್ಮೂರಲ್ಲಿ ಆ ಬೆಂಚಿನ ಮೇಲೆ ಯಾರೂ ಸುಳ್ಳು ಹೇಳಿದ ಇತಿಹಾಸವೇ ಇಲ್ಲ. ಆದ್ದರಿಂದ ತಂಗೆವ್ವನಿಗೆ ಇನ್ನೊಂದೇ ದಾರಿ ಕಂಡಿತು. ಮಗಳು ಯಾರಿಗೂ ಗೊತ್ತಿಲ್ಲದಂತೆ ಮೈದಾನಕ್ಕೆ ಹೋಗಿ, ಗೆರೆ ದಾಟಿ ಓಡಿದ್ದಾಳೆ. ಕದ್ದು ಓಡುವುದು ಅನ್ನುತ್ತೇವೆ ಅದಕ್ಕೆ. ನಮ್ಮಲ್ಲಿ ಕಳ್ಳತನಕ್ಕಿಂತ ಕೆಟ್ಟದ್ದು ಅದು. ತನ್ನ ಕಾಲಿನ ಹುಕಿಗೆ ಹೆತ್ತವಳ ಕೈ ಕಡಿದ ಹಾಗೆ.

ಪ್ರಭಾ ನನ್ನ ಕೋಣೆಗೆ ಓಡಿ ಬಂದಳು, ಅಲ್ಲ, ನಡೆದೇ ಬಂದಳು. ಓಡಲು ಆಗಲೇ ಅಂಜುತ್ತಿದ್ದಳು. "ಸರ, ಅವ್ವಗ ಒಂದ್ ಮಾತ್ ಹೇಳ್ರಿ. ನೀವು ದಿನಾ ಅಲ್ಲೇ ಇರ್ತಿದ್ರಿ. ನಾ ಗೆರಿ ದಾಟಿಲ್ಲಂತ ಹೇಳ್ರಿ."

ಹೋದೆ. ತಂಗೆವ್ವ ಎರಡೂ ಕೈಗೆ ಬಟ್ಟೆ ಸುತ್ತಿಕೊಂಡು ಹೊಸ್ತಿಲ ಮೇಲೆ ಕೂತಿದ್ದಳು. "ಹುಡಿಗಿ ದಾಟಿಲ್ಲ, ಯವ್ವಾ. ನಾ ಕಣ್ಣಾರೆ ನೋಡೀನಿ" ಎಂದೆ. ಕಾದೆ. ಚಿಟಿಕೆ ಎಣಿಸುವುದು ನನ್ನ ರಕ್ತದಲ್ಲೇ ಇದೆ, ಎಣಿಸಿದೆ. ಹದಿನೈದಾದ ಮೇಲೆ ಅವಳು, "ಹಂಗಾರ ಉಳದ ಎಂಟು ಎಲ್ಲಿಂದ ಬಂದುವ್ರಿ, ಸರ?" ಎಂದಳು.

ಆಗ ಹೇಳಿಬಿಡಬೇಕಿತ್ತು. ಅವಳು ನನ್ನ ಮುಖ ನೋಡುತ್ತಿದ್ದಳು. ಬಾಗಿಲ ಮರೆಯಲ್ಲಿ ಪ್ರಭಾ ನಿಂತಿದ್ದಳು. ನಾನು, "ಏನೋ ಯವ್ವಾ, ನನಗೂ ತಿಳೀವಲ್ದು" ಎಂದೆ. ಎದ್ದು ಬಂದೆ. ತಿಳಿಯದು ಎಂಬ ನನ್ನ ಮಾತಿನಿಂದ ಊರಿಗೆಲ್ಲ ತಿಳಿದಂತಾಯಿತು. ಮಾಸ್ತರರಿಗೂ ಅನುಮಾನವಿದೆ, ಪಾಪ, ಹುಡುಗಿಯ ಮಾನ ಹೋಗಬಾರದೆಂದು ಮುಚ್ಚಿಡುತ್ತಿದ್ದಾರೆ ಎಂದರು. ಊರವರ ಬಾಯಲ್ಲಿ ನಾನು ದೇವರಂಥವನಾದೆ.

ಅಷ್ಟರಲ್ಲಿ ಸಂಕ್ರಾಂತಿ ಬಂತು, ಚೆಂಡಿನ ಹಂಗಾಮು ಶುರುವಾಯಿತು. ಮೊದಲ ದಿನವೇ ತಂಡದ ನಾಲ್ವರು ಹುಡುಗಿಯರ ತಾಯಂದಿರು ಒಟ್ಟಾಗಿ ಬಂದರು. ಎಳ್ಳುಬೆಲ್ಲ ಕೊಟ್ಟು, ಮಾತಾಡಲು ಹಿಂದೆಮುಂದೆ ನೋಡಿ, ಕೊನೆಗೆ ಒಬ್ಬಾಕೆ ಹೇಳಿದಳು: "ಸರ, ನಿಮಗ ಗೊತ್ತಿರದ್ದ ಏನೈತ್ರಿ. ಹೆತ್ತಾಕಿಗೇ ಹಂಗ ಮಾಡಿದಾಕಿ. ತಂಡದಾಗ ಇದ್ರ ಆಕೀ ಕಳವು ನಮ್ಮ ಮನಿಗೂ ಹಂಚಿ ಬರತೈತಲ್ರಿ." ನಾನು ಪ್ರಭಾಳನ್ನು ಕರೆದು, ನಾಲ್ಕು ದಿನ ಹೊರಗಿರು, ಆಮೇಲೆ ನೋಡೋಣ ಎಂದೆ. ಅವಳು ಒಂದು ವಾರ ಗೋಡೆಗೆ ಆತು ನಿಂತು ಚೆಂಡುಗಳಿಗೆ ಗಾಳಿ ಹೊಡೆದುಕೊಟ್ಟಳು. ಯಾರಾದರೂ ಪಾಸ್ ತಪ್ಪಿದರೆ ತುಟಿ ಅಲುಗುತ್ತಿತ್ತು, ದನಿ ಬರುತ್ತಿರಲಿಲ್ಲ. ಆಮೇಲೆ ಬರುವುದನ್ನೇ ಬಿಟ್ಟಳು. ಆ ವರ್ಷ ನಾವು ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಚುರುಮುರಿ ಕಟ್ಟಿಕೊಂಡು ಬಂದ ಹೆಂಗಸರು ಅದನ್ನು ಹಾಗೇ ಮನೆಗೆ ಒಯ್ದರು.

ತಂಗೆವ್ವ ಮಗಳ ಜೊತೆ ಮಾತು ಬಿಟ್ಟಿದ್ದಳು. ಹುಸೇನಬಿ ಹೇಳುತ್ತಿದ್ದಳು: "ಹುಡಿಗಿ ಅವ್ವಾ ಅಂತೈತ್ರಿ, ಹದಿನೈದು ಆಗತೈತಿ, ಇಪ್ಪತ್ತಾಗತೈತಿ, ಆಕೀ ಓ ಅನ್ನಂಗಿಲ್ಲ. ಮೊದ್ಲ ತಡಾ ಅನ್ಕೊಂಡಿದ್ದೆ, ತಡಾ ಅಲ್ರೀ ಅದು." ಅದನ್ನು ಕೇಳಿದ ಮೇಲೂ ನಾನು ಅನ್ನ ಉಂಡೆ, ಹಾಜರಿ ತೆಗೆದುಕೊಂಡೆ. ಪರೀಕ್ಷೆ ಮುಗಿಯಲಿ ಹೇಳೋಣ, ಬೀಳ್ಕೊಡುಗೆ ಆಗಲಿ ಹೇಳೋಣ ಎಂದು ದಿನ ದೂಡಿದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ನಾನು ನನ್ನ ಅಡಿಕೆಯಷ್ಟು ಮಾನವನ್ನು ಮುಷ್ಟಿಯಲ್ಲಿ ಬಿಗಿ ಹಿಡಿದುಕೊಂಡಿದ್ದೆ, ಕಳೆದುಹೋಗುತ್ತಿದ್ದದ್ದು ಆ ಹುಡುಗಿಯದು.

ಮಾರ್ಚಿನಲ್ಲಿ ಒಂದು ಸಂಜೆ ಪ್ರಭಾ ಕೋಣೆಗೆ ಬಂದು ಕಾಲೇಜಿನ ಕ್ಯಾನ್‌ವಾಸ್ ಬೂಟುಗಳನ್ನು ಟೇಬಲ್ಲಿನ ಮೇಲಿಟ್ಟಳು. ತೊಳೆದು, ಬಿಸಿಲಿಗೆ ಒಣಗಿಸಿ, ಲೇಸು ಮಡಚಿ ಒಳಗಿಟ್ಟಿದ್ದಳು. ನಾಳೆ ಮುಂಜಾನೆ ಎಂಟೂವರೆಯ ಬಸ್ಸಿಗೆ ಚಿಕ್ಕವ್ವನ ಊರಿಗೆ ಹೋಗುತ್ತೇನೆ, ಅಲ್ಲೇ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರುತ್ತೇನೆ, ಆ ಪುಕ್ಕಟೆ ಓದು ನನಗೆ ಬೇಡ, ಮತ್ತೆ ಬರುವುದಿಲ್ಲ ಎಂದಳು. ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

"ಸರ, ಒಂದ್ ಕೇಳ್ಲೇನ್ರಿ? ನಾ ನಿದ್ದಿಗಣ್ಣಾಗ ಎದ್ದ ಹೋಗಿ ಓಡಿರಬಹುದೇನ್ರಿ? ನನಗ ನೆನಪಿಲ್ಲದಂಗ?"

ಅವಳು ತಮಾಷೆ ಮಾಡುತ್ತಿರಲಿಲ್ಲ. ನಿಜವಾಗಿ ಕೇಳುತ್ತಿದ್ದಳು. ನಾನು ಏನಾದರೂ ಅನ್ನುವ ಮೊದಲು, ನಮ್ಮೂರ ರೂಢಿಯಂತೆ ಒಂದಿಷ್ಟು ಹೊತ್ತು ಉತ್ತರಕ್ಕೆ ಕಾದು, ಹೊರಟುಹೋದಳು. ನನ್ನ ಮೈಮೇಲೆ ಒಂದು ಚಿಟಿಕೆಯೂ ತಡ ಇಲ್ಲ.

ಮರುದಿನ ಎಂಟೂಕಾಲಿಗೆ ನಾನು ಬಸ್ ಸ್ಟ್ಯಾಂಡಿನಲ್ಲಿದ್ದೆ. ಪ್ರಭಾ ಆಗಲೇ ಹತ್ತಿ ಕಿಟಕಿಯ ಬದಿ ಕೂತಿದ್ದಳು, ತೊಡೆಯ ಮೇಲೆ ಒಂದು ಕೈಚೀಲ. ತಂಗೆವ್ವ ಬಂದಿದ್ದಳು, ಆದರೆ ಬಸ್ಸಿನ ಹತ್ತಿರ ಹೋಗದೆ ಕಬ್ಬಿನ ಹಾಲಿನ ಗಾಡಿಯ ಪಕ್ಕ ದೂರ ನಿಂತಿದ್ದಳು. ಮಗಳು ತಾಯಿಯನ್ನೇ ನೋಡುತ್ತಿದ್ದಳು, ತಾಯಿ ನೆಲ ನೋಡುತ್ತಿದ್ದಳು. ನಾನು ತಂಗೆವ್ವನ ಬಲಕ್ಕೆ ಹೋಗಿ ನಿಂತು, ಬಗ್ಗಿ, ಕಿವಿಯಲ್ಲಿ ಹೇಳಿದೆ.

"ಅವತ್ತ ಬಿದ್ದದ್ದು ಮೂರಲ್ಲ, ಯವ್ವಾ, ಹನ್ನೊಂದು. ನಾ ಸುಳ್ಳ ಹೇಳಿದೆ. ಹುಡಿಗಿ ಕದ್ದ ಓಡಿಲ್ಲ."

ಬಸ್ಸು ಗುರ್ ಎಂದಿತು. ಕಂಡಕ್ಟರ್ ಬಾಗಿಲು ಎಳೆದುಕೊಂಡ. ನಾನು ತಂಗೆವ್ವನ ಮುಖ ನೋಡಿದೆ. ಕಣ್ಣು ಮಾತ್ರ ತಕ್ಷಣ ತುಂಬಿದವು, ಕಣ್ಣೀರಿಗೆ ತಡ ಇಲ್ಲ ಎಂದು ನನಗೆ ಅಂದೇ ಗೊತ್ತಾಯಿತು. ಕೈ ಏಳಲಿಲ್ಲ, ಬಾಯಿ ತೆರೆಯಲಿಲ್ಲ. ನಾಲ್ಕು. ಐದು. ನಾನು ಬಸ್ಸಿನ ಕಡೆ ಓಡಿ, "ಪ್ರಭಾ, ಇಳಿ, ಇಳಿ ತಂಗಿ, ನಿಮ್ಮವ್ವ ಕರೀತಾಳ" ಎಂದು ಕೂಗಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ನನ್ನ ಮಾತನ್ನು ಅವಳು ಯಾಕಾದರೂ ನಂಬಬೇಕು? ಕಿಟಕಿಯ ಸರಳು ಹಿಡಿದು ತಾಯಿಯನ್ನು ನೋಡಿದಳು. ತಾಯಿ ಕಂಬದಂತೆ ನಿಂತಿದ್ದಳು. ಒಂಬತ್ತು. ಹತ್ತು. ದೂರದಿಂದ ಕಣ್ಣೀರು ಕಾಣುವುದಿಲ್ಲ. ಬಸ್ಸು ಗೇಟು ದಾಟಿ ಎಡಕ್ಕೆ ಹೊರಳುವಾಗ ಪ್ರಭಾ ಕಿಟಕಿಯಿಂದ ಮುಖ ಒಳಗೆಳೆದುಕೊಂಡದ್ದನ್ನು ನಾನು ನೋಡಿದೆ.

ಹದಿನೈದಕ್ಕೆ ತಂಗೆವ್ವನ ಕೈ ಮೇಲೆದ್ದಿತು. "ಪ್ರಭಾ, ಹೋಗಬ್ಯಾಡ" ಎಂದಳು, ದೊಡ್ಡ ದನಿಯಲ್ಲಿ. ಅಷ್ಟು ಹೊತ್ತಿಗೆ ಎದುರಿಗೆ ಬೇರೆ ಊರಿನ ಬಸ್ಸು ಬಂದು ನಿಂತಿತ್ತು. ತನ್ನ ಬಸ್ಸಿಗೇ ಕೈ ಮಾಡುತ್ತಿದ್ದಾಳೆಂದು ತಿಳಿದು ಅದರ ಕಂಡಕ್ಟರ್ ಬಾಗಿಲು ತೆರೆದು, "ಎಲ್ಲಿಗೆ ಯವ್ವಾ?" ಎಂದು ಕೇಳಿದ. ಕೇಳಿ, ಅವಳ ಉತ್ತರ ಬರುವವರೆಗೆ ಬಾಗಿಲು ಹಿಡಿದುಕೊಂಡು ನಿಂತ.